ಹೊಗೆಯಿಲ್ಲದ ಅಡುಗೆಮನೆ: ವೈಜ್ಞಾನಿಕ ಕಥೆಗಳ ಸ್ತ್ರೀವಾದಿ ಮತ್ತು ಪರಿಸರವಾದಿ ಓದು

ಪ್ರಶ್ನೆ: ನಾನು ಕಾಲೇಜಿನಲ್ಲಿ ಭೌತವಿಜ್ಞಾನ ಓದಿದವನು, ಚಿಕ್ಕಂದಿನಿಂದಲೂ ವೈಜ್ಞಾನಿಕ ಕಥೆಗಳೆಂದರೆ ಪ್ರಾಣ. ಇತ್ತೀಚೆಗೆ ಇವುಗಳ ಬಗ್ಗೆ ಬರುವ ವಿಮರ್ಶೆಗಳಲ್ಲಿ ಸ್ತ್ರೀವಾದ ಮತ್ತು ಪರಿಸರವಾದ ಎಂಬ ಎರಡು ಮಾತುಗಳು ಜೋಡಿಯಾಗಿಯೇ ಕಾಣಿಸಿಕೊಳ್ಳುತ್ತವೆ. ರಾಕೆಟ್ಟು, ರೋಬಾಟುಗಳ ಕಥೆಗೆ ಇವು ಹೊರಗಿನಿಂದ ಹೇರಿದ ಮಾತುಗಳಲ್ಲವೇ? ಎರಡನ್ನೂ ಒಟ್ಟಿಗೇ ಏಕೆ ಹೇಳುತ್ತಾರೆ? ಓದುವುದಾದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಕಥೆಯೊಂದರಲ್ಲಿ ಎಷ್ಟು ಮಂದಿ ಹೆಂಗಸರಿದ್ದಾರೆ, ಎಷ್ಟು ಮರಗಳು ಉರುಳಿವೆ ಎಂದು ಎಣಿಸಿ, ಅಂಕ ಕೊಟ್ಟು ಕೈತೊಳೆದುಕೊಳ್ಳುವ ವಿಮರ್ಶೆ ಸಾಕಷ್ಟು ಬರುತ್ತಿದೆ. ಅದನ್ನು ಓದಿ ಬೇಸತ್ತವರಲ್ಲಿ ನಾನೂ ಒಬ್ಬಳು. ಆದರೆ ಅಂಥ ಬರಹವನ್ನು ಪಕ್ಕಕ್ಕಿಟ್ಟು ನೋಡಿದರೆ, ಈ ಎರಡು ದೃಷ್ಟಿಗಳೂ ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆಯನ್ನು: ಕಥಾನಾಯಕನ ಸಾಹಸ ಸಾಂಗವಾಗಿ ನಡೆಯಬೇಕಾದರೆ ಯಾರು, ಯಾವುದು, ಯಾರ ಕಣ್ಣಿಗೂ ಬೀಳದಂತೆ ಹಿಂದೆ ನಿಂತು ದುಡಿಯುತ್ತಿರಬೇಕು? ವ್ಯೋಮನೌಕೆಯಲ್ಲಿ ವರ್ಷಗಟ್ಟಲೆ ಪಯಣಿಸಿದವರಿಗೆ ಅನ್ನ ಎಲ್ಲಿಂದ ಬಂತು, ಉಸಿರಾಡಿದ ಗಾಳಿಯನ್ನು ಮತ್ತೆ ಶುದ್ಧ ಮಾಡಿದ್ದು ಯಾವುದು, ಕೊಳೆ ಎಲ್ಲಿಗೆ ಹೋಯಿತು, ಅವರ ಮಕ್ಕಳನ್ನು ಊರಿನಲ್ಲಿ ಸಾಕಿದವರು ಯಾರು ಎಂಬುದನ್ನು ಹಳೆಯ ಸಾಹಸ ಕಥೆಗಳು ಕೇಳುವುದೇ ಇಲ್ಲ. ಮನೆಗೆಲಸದ ಹಾಗೆಯೇ ಮಣ್ಣು, ನೀರು, ಕಾಡುಗಳೂ ‘ಇದ್ದೇ ಇರುತ್ತವೆ’ ಎಂಬ ನಂಬಿಕೆಯ ಮೇಲೆ ಆ ಕಥೆಗಳು ನಿಂತಿವೆ. ನೀವು ಭೌತವಿಜ್ಞಾನ ಓದಿದವರು. ಮುಚ್ಚಿದ ವ್ಯವಸ್ಥೆಯೊಂದರಲ್ಲಿ ಲೆಕ್ಕ ತಾಳೆಯಾಗಲೇಬೇಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ವಿಜ್ಞಾನದ ಹೆಸರು ಹೊತ್ತ ಕಥೆಗೆ ‘ನಿನ್ನ ಲೆಕ್ಕ ತಾಳೆಯಾಗುತ್ತದೆಯೇ’ ಎಂದು ಕೇಳುವುದು ಹೊರಗಿನ ಹೇರಿಕೆ ಹೇಗಾದೀತು?

ಈ ಪ್ರಕಾರದ ಹುಟ್ಟನ್ನೇ ನೋಡಿ. ಮೊದಲ ಆಧುನಿಕ ವೈಜ್ಞಾನಿಕ ಕಾದಂಬರಿಯೆಂದು ಬಹಳ ಮಂದಿ ಒಪ್ಪುವ ‘ಫ್ರಾಂಕೆನ್‌ಸ್ಟೈನ್’ 1818ರ ಜನವರಿಯಲ್ಲಿ ಲೇಖಕರ ಹೆಸರಿಲ್ಲದೆ ಪ್ರಕಟವಾಯಿತು. ಅದನ್ನು ಮೇರಿ ಶೆಲ್ಲಿ ಬರೆಯತೊಡಗಿದ್ದು 1816ರಲ್ಲಿ, ತಮ್ಮ 18ನೆಯ ವಯಸ್ಸಿನಲ್ಲಿ. ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ತಂಬೊರಾ ಜ್ವಾಲಾಮುಖಿ ಸಿಡಿದು, ಅದು ಕಾರಿದ ಗಂಧಕ ಆಕಾಶದ ಎತ್ತರದಲ್ಲಿ ಸೂಕ್ಷ್ಮ ಕಣಗಳ ಪರದೆಯಾಗಿ ಹರಡಿ, ಯೂರೋಪಿನಲ್ಲಿ 1816ರಲ್ಲಿ ಬೇಸಿಗೆಯೇ ಬರಲಿಲ್ಲ. ಬೆಳೆ ಹಾಳಾಯಿತು, ಮಳೆ ಬಿಡಲಿಲ್ಲ. ಜಿನೀವಾ ಸರೋವರದ ದಡದ ಬಂಗಲೆಯೊಂದರಲ್ಲಿ ಮಳೆಗೆ ಸಿಕ್ಕಿಬಿದ್ದ ಗೆಳೆಯರು ಹೊತ್ತು ಕಳೆಯಲು ದೆವ್ವದ ಕಥೆ ಬರೆಯುವ ಪಂದ್ಯ ಕಟ್ಟಿದರು. ಅಂದರೆ ಹವಾಮಾನದ ಏರುಪೇರೊಂದು ಈ ಕಾದಂಬರಿಯ ಸೂಲಗಿತ್ತಿ, ಆದರೆ ಆ ಕೋಣೆಯಲ್ಲಿದ್ದ ಯಾರಿಗೂ ಮೋಡದ ಹಿಂದೆ ತಂಬೊರಾ ಇದೆಯೆಂಬುದು ಗೊತ್ತಿರಲಿಲ್ಲ.

ಇನ್ನೊಂದು ಸಂಗತಿ ಮಾತ್ರ ಮೇರಿಗೆ ಚೆನ್ನಾಗಿ ಗೊತ್ತಿತ್ತು. ಮಹಿಳೆಯರ ಹಕ್ಕುಗಳ ಬಗ್ಗೆ 1792ರಲ್ಲೇ ಪುಸ್ತಕ ಬರೆದಿದ್ದ ಆಕೆಯ ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್, ಈ ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ ಬಾಣಂತಿ ಜ್ವರದಿಂದ ತೀರಿಕೊಂಡಿದ್ದರು. 1815ರಲ್ಲಿ ಮೇರಿ ದಿನ ತುಂಬುವ ಮೊದಲೇ ಹುಟ್ಟಿದ ತಮ್ಮ ಚೊಚ್ಚಲ ಹೆಣ್ಣುಮಗುವನ್ನು ಕಳೆದುಕೊಂಡಿದ್ದರು. ಹೆರಿಗೆಯ ಬೆಲೆಯನ್ನು ಹೀಗೆ ಎರಡೂ ಕಡೆಯಿಂದ ತೆತ್ತವರು, ಹೆರಿಗೆಯ ಗೊಡವೆಯೇ ಇಲ್ಲದೆ ಪ್ರಯೋಗಶಾಲೆಯಲ್ಲಿ ಜೀವ ಸೃಷ್ಟಿಸಹೊರಟ ಗಂಡಸೊಬ್ಬನ ಕಥೆ ಬರೆದರು. ವಿಕ್ಟರ್ ಫ್ರಾಂಕೆನ್‌ಸ್ಟೈನ್ ಜೀವ ಕೊಟ್ಟದ್ದೇ ತಪ್ಪೆಂದು ಸಿನಿಮಾಗಳು ನಮಗೆ ಹೇಳಿಕೊಟ್ಟಿವೆ. ಕಾದಂಬರಿಯನ್ನು ಓದಿದರೆ, ತಪ್ಪು ಅದರ ಮರುಗಳಿಗೆಯಲ್ಲಿದೆ: ಕಣ್ಣು ಬಿಟ್ಟ ಜೀವವನ್ನು ಕಂಡು ಅವನು ಓಡಿಹೋಗುತ್ತಾನೆ. ಹುಟ್ಟಿಸಿದ್ದಾಯಿತು, ಬಾಣಂತನ ಮಾಡುವವರಿಲ್ಲ. ಸ್ತ್ರೀವಾದಿ ಓದು ಈ ಓಡಿಹೋಗುವಿಕೆಯ ಮೇಲೆ ಬೆರಳಿಡುತ್ತದೆ, ಪರಿಸರವಾದಿ ಓದೂ ಅಲ್ಲಿಯೇ ಬೆರಳಿಡುತ್ತದೆ. ಅಣುತ್ಯಾಜ್ಯವಾಗಲಿ ಪ್ಲಾಸ್ಟಿಕ್ಕಾಗಲಿ, ಮಾಡಿದವರು ಮಾಡಿ ಹೊರಟುಹೋದ ಮೇಲೆ ಉಳಿಯುವ ಕೆಲಸ ಯಾರದ್ದು ಎಂಬುದೇ ಎರಡರ ಚಿಂತೆ.

ಆದರೆ ಎರಡೂ ದೃಷ್ಟಿಗಳು ಒಂದೇ ಕಥೆಯಲ್ಲಿ ನಿಚ್ಚಳವಾಗಿ ಕೂಡಿದ್ದನ್ನು ತೋರಿಸಿ ಎಂದರೆ ನಾನು ತೆಗೆದುಕೊಡುವುದು ನಮ್ಮ ಪಕ್ಕದ ಮದರಾಸಿನಲ್ಲಿ ಅಚ್ಚಾದ ಕೆಲವೇ ಪುಟಗಳ ಕಥೆಯನ್ನು. 1905ರಲ್ಲಿ ‘ಇಂಡಿಯನ್ ಲೇಡೀಸ್ ಮ್ಯಾಗಜಿನ್’ ಎಂಬ ಪತ್ರಿಕೆಯಲ್ಲಿ ‘ಸುಲ್ತಾನಾಸ್ ಡ್ರೀಮ್’ ಪ್ರಕಟವಾಯಿತು. ಇಂಗ್ಲಿಷಿನಲ್ಲಿ ಬರೆದವರು ಬಂಗಾಳದ ರಂಗಪುರದ ಕಡೆಯ ರುಕಿಯಾ ಸಖಾವತ್ ಹುಸೇನ್. ಹುಟ್ಟಿದ್ದು 1880ರಲ್ಲಿ, ಕಟ್ಟುನಿಟ್ಟಿನ ಗೋಷಾ ಪದ್ಧತಿಯ ಜಮೀನ್ದಾರಿ ಮನೆಯಲ್ಲಿ. ಶಾಲೆಯ ಮೆಟ್ಟಿಲು ಹತ್ತದ ಆಕೆಗೆ ಇಂಗ್ಲಿಷ್ ಕಲಿಸಿದವರು ಅಣ್ಣ. ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದ ಪತಿ ಪ್ರವಾಸ ಹೋಗಿದ್ದಾಗ ಹೊತ್ತು ಕಳೆಯಲು ಬರೆದ ಈ ಕಥೆಯನ್ನು ಅವರು ಮರಳಿ ಬಂದು ನಿಂತಲ್ಲೇ ಓದಿ ಮುಗಿಸಿ, ಇದು ಭಯಂಕರ ಸೇಡು ಎಂದರಂತೆ. ಹೆಂಗಸರೇ ಆಳುವ, ಗಂಡಸರು ‘ಮರ್ದಾನಾ’ದೊಳಗೆ ಇರುವ ನಾಡೊಂದನ್ನು ನಿರೂಪಕಿ ಕನಸಿನಲ್ಲಿ ಸುತ್ತುತ್ತಾಳೆ. ಸೇಡು ಎಂಬ ಮಾತಿನಲ್ಲಿ ಪತಿಯ ಹೆಮ್ಮೆಯೂ ಇದ್ದಿತೆಂದು ನನ್ನ ಊಹೆ.

ಆ ನಾಡಿನಲ್ಲಿ ನಿರೂಪಕಿಗೆ ಮೊದಲು ತಟ್ಟುವುದು ಕಾಲಡಿಯ ನೆಲ. ಮೆತ್ತನೆಯ ಜಮಖಾನದ ಮೇಲೆ ನಡೆದಂತಾಗಿ ಬಗ್ಗಿ ನೋಡಿದರೆ ದಾರಿಯ ತುಂಬ ಪಾಚಿ, ಹೂವು. ಮುಂದೆ ಅವಳನ್ನು ಅಡುಗೆಮನೆಗೆ ಕರೆದೊಯ್ಯುತ್ತಾರೆ. ತರಕಾರಿ ತೋಟದ ನಡುವೆ ಇರುವ ಆ ಅಡುಗೆಮನೆಯಲ್ಲಿ ಹೊಗೆಯಿಲ್ಲ, ಹೊಗೆಗೂಡಿಲ್ಲ, ಕಲ್ಲಿದ್ದಲಿಲ್ಲ, ಬೆಂಕಿಯ ಸುಳಿವೂ ಇಲ್ಲ. ಹೇಗೆ ಬೇಯಿಸುತ್ತೀರಿ ಎಂದರೆ, ಬಿಸಿಲಿನ ಶಾಖದಿಂದ ಎಂದು ಹೇಳಿ, ಸಾಂದ್ರಗೊಳಿಸಿದ ಶಾಖ ಹರಿದುಬರುವ ಕೊಳವೆಯನ್ನು ತೋರಿಸಿ, ಅಲ್ಲಿಯೇ ಏನನ್ನೋ ಬೇಯಿಸಿಯೂ ತೋರಿಸುತ್ತಾರೆ. ಆ ಕಾಲದ ಪ್ರಸಿದ್ಧ ವೈಜ್ಞಾನಿಕ ಕಥೆಗಳು ಚಂದ್ರಲೋಕ, ಜಲಾಂತರ್ಗಾಮಿ, ಮಂಗಳವಾಸಿಗಳ ಯುದ್ಧಯಂತ್ರ ಎಂದು ಹಾರುತ್ತಿದ್ದಾಗ, ವಿಜ್ಞಾನವನ್ನು ಒಲೆಯ ಬುಡಕ್ಕೆ ತಂದದ್ದು ಈ ಕಥೆಯ ಸ್ವಂತಿಕೆ. ಹಸಿ ಸೌದೆಯನ್ನು ಊದಿ ಊದಿ ಕಣ್ಣು ಕೆಂಪಾದ ಹೆಂಗಸಿಗೆ ಭವಿಷ್ಯ ಎಲ್ಲಿಂದ ಆರಂಭವಾಗಬೇಕೆಂಬುದು ಗೊತ್ತಿರುತ್ತದೆ. (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಘಟಕ ಕಡಿಮೆ ಸೌದೆಯಲ್ಲಿ ಹೊಗೆಯನ್ನು ಕೊಳವೆಯಿಂದ ಆಚೆ ಕಳಿಸುವ ಒಲೆಯನ್ನು ರೂಪಿಸಿದಾಗ ಈ ಕಥೆಗೆ ಮುಕ್ಕಾಲು ಶತಮಾನವಾಗಿತ್ತು. ‘ಅಸ್ತ್ರ ಒಲೆ’ ನೋಡಿದವರು ನಿಮ್ಮ ಊರಿನಲ್ಲೂ ಇದ್ದಾರು.)

ಆ ಕೊಳವೆ ಬಂದ ಬಗೆಯೂ ಕುತೂಹಲಕರ. ಆ ನಾಡಿನ ರಾಜಧಾನಿಯಲ್ಲಿ ಹೆಂಗಸರ ಎರಡು ವಿಶ್ವವಿದ್ಯಾಲಯಗಳಿವೆ. ಒಂದು, ಆಕಾಶಕ್ಕೆ ಬಲೂನು ಹಾರಿಸಿ ಮೋಡದಿಂದ ಬೇಕಾದಷ್ಟು ನೀರನ್ನು ಇಳಿಸಿಕೊಳ್ಳುವುದನ್ನು ಕಂಡುಹಿಡಿಯುತ್ತದೆ. ಅದನ್ನು ಕಂಡು ಇನ್ನೊಂದು, ಬಿಸಿಲನ್ನು ಶೇಖರಿಸುವ ಉಪಕರಣವನ್ನು ಮಾಡುತ್ತದೆ. ಆಗಿನ್ನೂ ಹೊರಗಿದ್ದ ಗಂಡಸರು ಸೈನ್ಯ ಬೆಳೆಸುವುದರಲ್ಲಿ ಮುಳುಗಿ, ಈ ಶೋಧಗಳನ್ನೆಲ್ಲ ‘ಭಾವುಕ ದುಃಸ್ವಪ್ನ’ ಎಂದು ನಗುತ್ತಾರೆ. 1962ರಲ್ಲಿ ರೇಚಲ್ ಕಾರ್ಸನ್ ಕೀಟನಾಶಕಗಳ ವಿರುದ್ಧ ಬರೆದಾಗ ಆಕೆಯ ಎದುರಾಳಿಗಳು ಎಸೆದದ್ದೂ ಬಹುತೇಕ ಇದೇ ಮಾತನ್ನು. ಸಾಗರಜೀವಿಗಳನ್ನು ಅಭ್ಯಾಸ ಮಾಡಿದ ವಿಜ್ಞಾನಿಯನ್ನು ಭಾವುಕ ಹೆಂಗಸು ಎಂದು ತಳ್ಳಿಹಾಕಲು ನೋಡಿದರು. ಕಾರ್ಸನ್ ತಮ್ಮ ಪುಸ್ತಕವನ್ನು ಆರಂಭಿಸಿದ್ದು ಅಂಕಿ ಅಂಶಗಳಿಂದಲ್ಲ, ಹಕ್ಕಿಗಳ ದನಿ ಅಡಗಿದ ಕಾಲ್ಪನಿಕ ಊರೊಂದರ ಚಿತ್ರದಿಂದ ಎಂಬುದನ್ನೂ ನೆನಪಿಡಿ: ವೈಜ್ಞಾನಿಕ ಕಥೆಯ ವಿಧಾನವನ್ನು ವಿಜ್ಞಾನವೇ ಕಡ ಪಡೆದ ಸಂದರ್ಭವದು.

ರುಕಿಯಾ ಅವರ ಹಾಸ್ಯವೂ ಲೆಕ್ಕದ ಹಾಸ್ಯವೇ. ಗಂಡಸರು ಏಳು ಗಂಟೆ ಕಚೇರಿಯಲ್ಲಿ ಕೂತು ಮಾಡುವ ಕೆಲಸವನ್ನು ಹೆಂಗಸರು ಎರಡೇ ಗಂಟೆಯಲ್ಲಿ ಹೇಗೆ ಮುಗಿಸುತ್ತಾರೆ ಎಂಬ ಪ್ರಶ್ನೆಗೆ ಉತ್ತರ: ಒಂದು ಚುಟ್ಟಾ ಸೇದಲು ಅರ್ಧ ಗಂಟೆ, ದಿನಕ್ಕೆ ಹನ್ನೆರಡು ಚುಟ್ಟಾ, ಅಲ್ಲಿಗೆ ಆರು ಗಂಟೆ ಹೊಗೆಯಾಯಿತು! ಹೊಗೆಯಿಲ್ಲದ ಅಡುಗೆಮನೆ ಒಂದು ಕಡೆ, ಹೊಗೆಯಲ್ಲೇ ಮುಗಿಯುವ ಕಚೇರಿ ಇನ್ನೊಂದು ಕಡೆ.

ಇಷ್ಟು ಹೊಗಳಿದ ಮೇಲೆ, ಇದೇ ಕಥೆಯ ಬಿರುಕುಗಳನ್ನೂ ಹೇಳಬೇಕು. ಇಲ್ಲದಿದ್ದರೆ ನಾನೂ ಅಂಕ ಕೊಡುವ ವಿಮರ್ಶಕಿಯೇ ಆಗಿಬಿಡುತ್ತೇನೆ. ಶತ್ರುಸೈನ್ಯ ಮೇಲೆ ಬಂದಾಗ ವಿಶ್ವವಿದ್ಯಾಲಯದ ಮುಖ್ಯಸ್ಥೆ ಎರಡು ಸಾವಿರ ವಿದ್ಯಾರ್ಥಿನಿಯರೊಡನೆ ರಣರಂಗಕ್ಕೆ ಹೋಗಿ, ಶೇಖರಿಸಿದ ಶಾಖವನ್ನು ಶತ್ರುಗಳ ಮೇಲೆ ತಿರುಗಿಸುತ್ತಾಳೆ. ಅನ್ನ ಬೇಯಿಸಿದ ಬಿಸಿಲೇ ಆಯುಧವಾಗುತ್ತದೆ. ಇನ್ನೊಂದು, ಎಷ್ಟೋ ಓದುಗರ ಕಣ್ಣು ತಪ್ಪುವ ಒಂದು ಸಾಲು: ಆ ನಾಡಿನಲ್ಲಿ ಅಡುಗೆ ಮಾಡುವವರು, ಮಕ್ಕಳನ್ನು ನೋಡಿಕೊಳ್ಳುವವರು ಗಂಡಸರು, ನಿರೂಪಕಿ ಅಡುಗೆಮನೆ ನೋಡಲು ಹೋಗುವ ಹೊತ್ತಿಗೆ ಅವರನ್ನು ಅಲ್ಲಿಂದ ಆಚೆ ಹೋಗಿರುವಂತೆ ಹೇಳಲಾಗಿರುತ್ತದೆ. ಹೊಗೆ ಹೋಯಿತು, ಆದರೆ ಅಡುಗೆಯವರು ಮರೆಯಲ್ಲೇ ಉಳಿದರು. ಗೋಷಾವನ್ನು ತಿರುವಿ ಹಾಕಿ ಗಂಡಸರಿಗೆ ಅದರ ಅಸಂಬದ್ಧತೆಯನ್ನು ತೋರಿಸುವುದು ಲೇಖಕಿಯ ಉದ್ದೇಶವಾದ್ದರಿಂದ ಇದನ್ನು ದೋಷವೆನ್ನಲು ಮನಸ್ಸು ಬಾರದು. ಆದರೂ ದುಡಿಯುವವರನ್ನು ಮರೆಗೆ ಸರಿಸುವ ಅಭ್ಯಾಸ ಎಷ್ಟು ಗಟ್ಟಿಯೆಂಬುದಕ್ಕೆ ಕನಸಿನಲ್ಲೂ ಅದು ಕಾಣಿಸಿಕೊಂಡದ್ದೇ ಸಾಕ್ಷಿ.

ಎರಡನ್ನೂ ಒಟ್ಟಿಗೆ ಏಕೆ ಹೇಳುತ್ತಾರೆ ಎಂಬ ನಿಮ್ಮ ಪ್ರಶ್ನೆಗೆ ಇನ್ನೂ ನೇರವಾದ ಉತ್ತರ ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ 1972ರಲ್ಲಿ ಪ್ರಕಟಿಸಿದ, ‘ಲೋಕಕ್ಕಿರುವ ಪದ ಕಾಡು’ ಎಂಬ ಅರ್ಥದ ಹೆಸರುಳ್ಳ ಕಿರುಕಾದಂಬರಿಯ ಮೊದಲ ಪುಟದಲ್ಲಿದೆ. ಭೂಮಿಯಲ್ಲಿ ಮರ ತೀರಿಹೋಗಿ, ಕಾಡೇ ಕಾಡಾಗಿರುವ ಅತ್‌ಷೀ ಎಂಬ ಗ್ರಹಕ್ಕೆ ಮನುಷ್ಯರು ನಾಟಾ ಕಡಿಯಲು ಹೋಗಿದ್ದಾರೆ. ಅಲ್ಲಿನ ಮೂಲನಿವಾಸಿಗಳ ಭಾಷೆಯಲ್ಲಿ ಲೋಕಕ್ಕೂ ಕಾಡಿಗೂ ಒಂದೇ ಪದ. ಕ್ಯಾಪ್ಟನ್ ಡೇವಿಡ್‌ಸನ್ ಎಂಬ ಅಧಿಕಾರಿ ಬೆಳಗಾಗುವ ಮೊದಲೇ ಎಚ್ಚರಗೊಂಡು ಕತ್ತಲಲ್ಲಿ ಮಲಗಿದ್ದಾನೆ. ಹಿಂದಿನ ದಿನದ ಎರಡು ಸಂಗತಿಗಳು ಅವನ ತಲೆಯಲ್ಲಿವೆ. ಒಳ್ಳೆಯ ಸುದ್ದಿ, ವಸಾಹತಿಗೆಂದು ಹಡಗಿನ ತುಂಬ ಹೆಂಗಸರು ಬಂದಿಳಿದಿದ್ದಾರೆ. ಕೆಟ್ಟ ಸುದ್ದಿ, ಮರ ಕಡಿದು ಬೋಳಾದ ದ್ವೀಪವೊಂದರಲ್ಲಿ ಬೆಳೆ ಹೋಗಿ, ಮಣ್ಣು ಕೊಚ್ಚಿಹೋಗಿದೆ. ಒಂದರ ಪಕ್ಕ ಒಂದು, ದಾಸ್ತಾನು ಪುಸ್ತಕದ ಎರಡು ನಮೂದುಗಳಂತೆ. ಹೆಣ್ಣೂ ಮಣ್ಣೂ ಅವನಿಗೆ ಬೇರೆ ಬೇರೆ ವಿಷಯಗಳಲ್ಲ. ಎರಡೂ ತರಿಸಿಕೊಳ್ಳುವ, ಬಳಸುವ, ಮುಗಿದರೆ ಮತ್ತೆ ಬೇರೆಡೆಯಿಂದ ತರಿಸುವ ಸರಕು. ಅಲ್ಲಿನ ಜನರಿಂದ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವುದೂ ಇದೇ ಲೆಕ್ಕದ ಮೂರನೆಯ ಸಾಲು. ಎರಡನ್ನು ಜೋಡಿಸಿದ್ದು ವಿಮರ್ಶಕರಲ್ಲ, ಡೇವಿಡ್‌ಸನ್ನನೇ ಎಂಬುದು ನನ್ನ ವಾದ.

ವಿಯೆಟ್ನಾಂ ಯುದ್ಧದ ಕಾಲದ ಈ ಕೃತಿಯಲ್ಲಿ ತಾನು ಪ್ರವಚನದ ಆಸೆಗೆ ಸ್ವಲ್ಪ ಬಲಿಯಾದೆನೆಂದು ಲೇಖಕಿಯೇ ಮುಂದೆ ಒಪ್ಪಿಕೊಂಡರು. ಡೇವಿಡ್‌ಸನ್ನನಲ್ಲಿ ಒಂದೇ ಒಂದು ಒಳ್ಳೆಯ ಗುಣವನ್ನೂ ಇಡದೆ ಹೋದದ್ದು ಕಥೆಗೆ ಒಳ್ಳೆಯದನ್ನು ಮಾಡಿಲ್ಲ. ಆದರೆ ಕಾಡಿನ ಜನರನ್ನು ಅವರು ಮುಗ್ಧ ಮೃಗಶಿಶುಗಳಾಗಿಸಲಿಲ್ಲ. ಹೆಂಡತಿಯನ್ನು ಕಳೆದುಕೊಂಡ ಸೆಲ್ವರ್ ತನ್ನ ಜನರನ್ನು ಕಟ್ಟಿಕೊಂಡು ವಸಾಹತಿನ ಮೇಲೆ ಬಿದ್ದಾಗ ಅಲ್ಲಿನ ಹೆಂಗಸರನ್ನೂ ಉಳಿಸುವುದಿಲ್ಲ, ಅವರ ಸಂತತಿ ಬೆಳೆಯಬಾರದೆಂದು. ಕೊಲೆಯನ್ನೇ ಅರಿಯದಿದ್ದ ಜನ ಅದನ್ನು ಕಲಿತ ಮೇಲೆ ಮರೆಯುವುದು ಸಾಧ್ಯವಿಲ್ಲ ಎಂಬಲ್ಲಿಗೆ ಕಥೆ ಬಂದು ನಿಲ್ಲುತ್ತದೆ.

ಲೆ ಗ್ವಿನ್ 1986ರಲ್ಲಿ ಬರೆದ ಪುಟ್ಟ ಪ್ರಬಂಧವೊಂದು ಈ ವಿಷಯದಲ್ಲಿ ನನಗೆ ಎಲ್ಲ ಸಿದ್ಧಾಂತಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಮನುಷ್ಯರ ಮೊದಲ ಉಪಕರಣ ಈಟಿಯಲ್ಲ, ಚೀಲವಿರಬೇಕು. ಕಾಳು, ಬೇರು, ಹಣ್ಣು ಆರಿಸಿ ತುಂಬಿಕೊಂಡು ತರಲು ಏನಾದರೂ ಬೇಕಲ್ಲ ಎಂಬುದು ಅಲ್ಲಿನ ಮಾತು. ಆದರೆ ಬೇಟೆಯ ಕಥೆಗೆ ಬಾಣದ ಓಟವಿದೆ, ರಕ್ತವಿದೆ, ವೀರನಿದ್ದಾನೆ. ಕಾಳು ಆರಿಸಿದ್ದನ್ನು ಕಥೆಯಾಗಿ ಹೇಳುವುದು ಕಷ್ಟ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕಥೆ ಬಾಣದಂತೆ ನೆಟ್ಟಗೆ ಹೋಗಿ ನಾಟದೆ, ಜೋಳಿಗೆಯಂತೆ ಹಲವನ್ನು ಒಟ್ಟಿಗೆ ಇಟ್ಟುಕೊಳ್ಳಲೂ ಬಲ್ಲುದು. ಆಕ್ಟೇವಿಯಾ ಬಟ್ಲರ್ 1993ರಲ್ಲಿ ಪ್ರಕಟಿಸಿದ ‘ಪ್ಯಾರಬಲ್ ಆಫ್ ದ ಸೋವರ್’ ಅಂಥ ಜೋಳಿಗೆ. ಕಥೆ ಆರಂಭವಾಗುವುದು 2024ರ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಕುಡಿಯುವ ನೀರಿಗೆ ಪೆಟ್ರೋಲಿಗಿಂತ ಹಲವು ಪಟ್ಟು ಬೆಲೆ. ಹದಿಹರೆಯದ ಕರಿಯ ಹುಡುಗಿ ಲಾರೆನ್ ಓಕ್ ಮರದ ಕಾಯಿಯ ಹಿಟ್ಟಿನ ರೊಟ್ಟಿ ತಿಂದು ಬೆಳೆದವಳು. ಮನೆಯವರನ್ನು ಕಳೆದುಕೊಂಡು ಗಂಟು ಹೊತ್ತು ಉತ್ತರಕ್ಕೆ ನಡೆಯುತ್ತ, ದಾರಿಯಲ್ಲಿ ಸಿಕ್ಕವರನ್ನು ಒಬ್ಬೊಬ್ಬರಾಗಿ ಸೇರಿಸಿಕೊಳ್ಳುತ್ತಾಳೆ. ಕೊನೆಗೆ ಸತ್ತವರ ನೆನಪಿಗೆ ಓಕ್ ನೆಡುತ್ತಾರೆ, ನಿಂತ ನೆಲಕ್ಕೆ ಆ ಕಾಯಿಯದ್ದೇ ಹೆಸರಿಡುತ್ತಾರೆ. ಯಾರೂ ಲೋಕವನ್ನು ಉಳಿಸುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ, ಏಕೆಂದರೆ ಈ ಜೋಡಿಮಾತು ಬೇಗ ಜಾರುವ ಜಾಗ ಇದು. ಫ್ರೆಂಚ್ ಲೇಖಕಿ ಫ್ರಾಂಸ್ವಾಜ್ ದೋಬಾನ್ 1974ರಲ್ಲಿ ‘ಪರಿಸರ ಸ್ತ್ರೀವಾದ’ ಎಂಬ ಅರ್ಥದ ಪದವನ್ನು ಬಳಕೆಗೆ ತಂದ ಮೇಲೆ, ಹೆಣ್ಣು ಸ್ವಭಾವತಃ ಪ್ರಕೃತಿಗೆ ಹತ್ತಿರ, ಗಂಡು ದೂರ ಎಂಬ ಧಾಟಿಯ ಬರಹವೂ ಹೇರಳವಾಗಿ ಬಂತು. ಪ್ರಕೃತಿಮಾತೆ ಎಂದು ಕೈಮುಗಿದು, ಸೌದೆ ಹೊರಲು ಅವಳನ್ನೇ ಕಳಿಸುವ ನಮ್ಮ ಊರುಗಳಲ್ಲಿ ಇದು ಎಲ್ಲಿಗೆ ಒಯ್ಯುತ್ತದೆಂದು ವಿವರಿಸಬೇಕಿಲ್ಲ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ 1992ರ ಲೇಖನದಲ್ಲಿ ಇದಕ್ಕೆ ಸರಿಯಾದ ತಡೆ ಹಾಕಿದರು: ಬಡ ಹಳ್ಳಿಯ ಹೆಣ್ಣಿಗೆ ಕಾಡಿನ ಅರಿವಿರುವುದು ಅವಳು ಹೆಣ್ಣೆಂಬ ಕಾರಣಕ್ಕಲ್ಲ, ಸೌದೆ, ಮೇವು, ನೀರು ತರುವ ಕೆಲಸ ಅವಳದೆಂದು ಸಮಾಜ ಹಂಚಿರುವುದರಿಂದ, ಮತ್ತು ಜಮೀನಿನ ಒಡೆತನ ಅವಳದಲ್ಲದ್ದರಿಂದ. ಇದೇ ಅಳತೆಗೋಲು ಹಿಡಿದರೆ, 1915ರಲ್ಲಿ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಬರೆದ, ಹೆಂಗಸರೇ ಇರುವ ‘ಹರ್‌ಲ್ಯಾಂಡ್’ ಎಂಬ ನಾಡಿನ ಅಚ್ಚುಕಟ್ಟಾದ ಕಾಡು, ಪ್ರತಿಯೊಂದು ಮರವೂ ಫಲ ಕೊಡುವ ಕಾಡು, ಅಷ್ಟು ಹಿತವೆನಿಸುವುದಿಲ್ಲ. ಕೆಲಸಕ್ಕೆ ಬಾರದ ಮರವನ್ನು ತೆಗೆದುಹಾಕಿದವರು, ತಾಯಿಯಾಗಲು ಯಾರು ಯೋಗ್ಯರೆಂಬುದನ್ನೂ ಆರಿಸುತ್ತಾರೆ.

ನಮ್ಮ ರಾಜ್ಯದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಕಥೆಯಲ್ಲ, ಆದರೆ ರುಕಿಯಾ ಅವರ ಕಥೆಯನ್ನು ಮತ್ತೆ ಓದಿಸುವಂಥದ್ದು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಮಳೆ ಕೈಕೊಡುವ ಸೀಮೆಯಲ್ಲಿ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಕೊಡಲು ಆರಂಭಿಸಿದ್ದು ರೈತರಿಗೆ ಆಸರೆಯೇ ಆಯಿತು. ಆದರೆ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕಡಲೆಕಾಯಿ ಕೀಳಲು, ಕಳೆ ತೆಗೆಯಲು ಕೂಲಿಗೆ ಹೋಗುತ್ತಿದ್ದ, ಬೀಳು ನೆಲದಲ್ಲಿ ಆಡು ಕುರಿ ಮೇಯಿಸುತ್ತಿದ್ದ ಹೆಂಗಸರ ಹೆಸರು ಪಹಣಿಯಲ್ಲಿ ಇಲ್ಲ. ಬಿಸಿಲಿನಿಂದ ವಿದ್ಯುತ್ತು ಬಂತು, ಹೊಗೆಯೂ ಇಲ್ಲ. ನೆಲ ಮಾತ್ರ ಬೇಲಿಯೊಳಗಾಯಿತು. ಪರಿಸರದ ಲೆಕ್ಕ ಮಾತ್ರ ನೋಡುವವರು ಇಲ್ಲಿ ಗೆಲುವು ಕಾಣುತ್ತಾರೆ. ಎರಡೂ ಲೆಕ್ಕಗಳನ್ನು ಒಟ್ಟಿಗೆ ನೋಡುವ ಲೇಖಕರು ಸಿಕ್ಕಿದರೆ, ಕನ್ನಡದಲ್ಲಿ ಒಂದು ಒಳ್ಳೆಯ ವೈಜ್ಞಾನಿಕ ಕಾದಂಬರಿಗೆ ವಸ್ತು ಅಲ್ಲಿ ಬಿದ್ದಿದೆ.

ಓದಲು ಎಲ್ಲಿಂದ ಆರಂಭಿಸಬೇಕೆಂದು ಕೇಳಿದ್ದೀರಿ. ‘ಸುಲ್ತಾನಾಸ್ ಡ್ರೀಮ್’ ಅರ್ಧ ಗಂಟೆಯಲ್ಲಿ, ರುಕಿಯಾ ಅವರ ಲೆಕ್ಕದಲ್ಲಿ ಒಂದು ಚುಟ್ಟಾ ಸೇದುವಷ್ಟು ಹೊತ್ತಿನಲ್ಲಿ, ಮುಗಿಯುತ್ತದೆ; ಅದನ್ನು ಮೊದಲು ಓದಿ. ಆಮೇಲೆ ಲೆ ಗ್ವಿನ್‌ರ ಕಾಡಿನ ಕಥೆ, ಬಟ್ಲರ್. ಜೇಮ್ಸ್ ಟಿಪ್‌ಟ್ರೀ ಎಂಬ ಹೆಸರಿನಲ್ಲಿ ಬಂದ ಕಥೆಗಳು ಸಿಕ್ಕರೆ ಬಿಡಬೇಡಿ. ಇವು ಗಂಡಸು ಮಾತ್ರ ಬರೆಯಬಲ್ಲ ಕಥೆಗಳೆಂದು 1975ರಲ್ಲಿ ಇನ್ನೊಬ್ಬ ಹೆಸರಾಂತ ಲೇಖಕರು ಮುನ್ನುಡಿಯಲ್ಲಿ ಘಂಟಾಘೋಷವಾಗಿ ಸಾರಿದ ಸ್ವಲ್ಪ ಕಾಲದಲ್ಲೇ, ಬರೆದವರು ಆಲಿಸ್ ಶೆಲ್ಡನ್ ಎಂಬ ಅರವತ್ತು ದಾಟಿದ ಮಹಿಳೆಯೆಂದು ಬಯಲಾಯಿತು. ಆ ಹೆಸರನ್ನು ಆಕೆ ಆರಿಸಿಕೊಂಡದ್ದು ಅಂಗಡಿಯಲ್ಲಿ ಕಂಡ ಮಾರ್ಮಲೇಡ್ ಶೀಶೆಯಿಂದ.

ಕೊನೆಗೆ, ನಿಮ್ಮ ಕಪಾಟಿನಲ್ಲಿ ಇದ್ದೇ ಇರುವ ತೇಜಸ್ವಿಯವರ ‘ಕರ್ವಾಲೊ’ವನ್ನು ಮತ್ತೊಮ್ಮೆ ತೆಗೆಯಿರಿ. 1980ರ ಆ ಕಾದಂಬರಿ ಕಟ್ಟುನಿಟ್ಟಿನ ಅರ್ಥದಲ್ಲಿ ವೈಜ್ಞಾನಿಕ ಕಥೆಯಲ್ಲ, ಆದರೆ ವಿಜ್ಞಾನದ ಹುಡುಕಾಟವನ್ನು ಅಷ್ಟು ಸೊಗಸಾಗಿ ಹೇಳಿದ ಕನ್ನಡ ಕಾದಂಬರಿ ನಾನು ಇನ್ನೊಂದನ್ನು ಓದಿಲ್ಲ. ಹಾರುವ ಓತಿಯನ್ನು ಅರಸಿ ಹೊರಟ ತಂಡದಲ್ಲಿ ವಿಜ್ಞಾನಿ ಕರ್ವಾಲೊ ಮಾತ್ರವಲ್ಲ, ಕಾಡು ಬಲ್ಲ ಹಳ್ಳಿಯ ಮಂದಣ್ಣ ಇದ್ದಾನೆ, ಅಡುಗೆಗೆ ಬಿರಿಯಾನಿ ಕರಿಯಪ್ಪ ಇದ್ದಾನೆ. ಶೋಧಯಾತ್ರೆಗೆ ಅನ್ನ ಬೇಯಿಸಿದವನ ಹೆಸರು ಹೇಳುವಷ್ಟು ಔದಾರ್ಯ ಆ ಕಥೆಗಿದೆ. ಮಂದಣ್ಣನ ಮದುವೆಗೆ ಅಷ್ಟೊಂದು ಪುಟಗಳನ್ನು ಕೊಟ್ಟ ಅದೇ ಕಾದಂಬರಿ, ಕಾಡು ಹೊಕ್ಕ ಮೇಲೆ ಒಬ್ಬ ಹೆಂಗಸನ್ನೂ ಜೊತೆಗೆ ಕರೆದೊಯ್ಯುವುದಿಲ್ಲ. ಎರಡನ್ನೂ ಗಮನದಲ್ಲಿಟ್ಟು ಓದಿ ನೋಡಿ, ಆಮೇಲೆ ನಿಮಗೆ ಅನಿಸಿದ್ದನ್ನು ಬರೆಯಿರಿ.